ನುಡಿಯ ನೆಲೆ: ಕಂಡವನೇ ಬಲ್ಲವನು

‘ನಾನು ಬಲ್ಲೆನು’ ಎಂಬುದಕ್ಕೆ ಪ್ರಾಚೀನ ಗ್ರೀಕರು ‘ಒಯ್ದ’ ಎನ್ನುತ್ತಿದ್ದರು. ಕನ್ನಡದ ಕಿವಿಗೆ ಇದು ಏನನ್ನೋ ಹೊತ್ತೊಯ್ದವನ ಸುದ್ದಿಯಂತೆ ಕೇಳಿಸೀತು. ಆದರೆ ಆ ಹೋಲಿಕೆ ಕೇವಲ ಆಕಸ್ಮಿಕವಾದುದು. ಈ ಪದದ ನಿಜವಾದ ಬಂಧು ‘ವೇದ’ವೆಂದರೆ ಓದುಗರಿಗೆ ಅಚ್ಚರಿಯಾಗದಿರದು.

ಸಂಸ್ಕೃತದಲ್ಲಿ ‘ವೇದ’ವೆಂಬುದು ಗ್ರಂಥದ ಹೆಸರು ಮಾತ್ರವಲ್ಲ, ‘ವಿದ್’ ಧಾತುವಿನಿಂದಾದ ಕ್ರಿಯಾಪದವೂ ಹೌದು. ಅದಕ್ಕೂ ‘ಬಲ್ಲೆನು’ ಎಂದೇ ಅರ್ಥ. ಎರಡರ ರೂಪಗಳನ್ನೂ ಜೊತೆಯಲ್ಲಿರಿಸಿ ನೋಡೋಣ. ‘ನೀನು ಬಲ್ಲೆ’ ಎಂಬುದಕ್ಕೆ ಸಂಸ್ಕೃತದಲ್ಲಿ ‘ವೇತ್ಥ’, ಗ್ರೀಕಿನಲ್ಲಿ ‘ಒಯ್ಸ್ಥ’. ‘ನಾವು ಬಲ್ಲೆವು’ ಎಂಬುದಕ್ಕೆ ಅಲ್ಲಿ ‘ವಿದ್ಮ’, ಇಲ್ಲಿ ‘ಇಸ್ಮೆನ್’. ಬಹುವಚನಕ್ಕೆ ಬಂದೊಡನೆ ಎರಡೂ ಭಾಷೆಗಳಲ್ಲಿ ಧಾತುವಿನ ಸ್ವರವು ಇಕಾರವಾಗುವುದನ್ನು ಗಮನಿಸಬೇಕು. ಗ್ರೀಕಿನಲ್ಲಿ ಮೊದಲಿದ್ದ ವಕಾರವು ಕಾಲಕ್ರಮದಲ್ಲಿ ಲೋಪವಾಯಿತು. ನಮ್ಮ ಸಂಗೀತ ಸಭೆಗಳು ಗಾಯಕಿಯರನ್ನು ಗೌರವಿಸುವ ‘ವಿದುಷಿ’ ಎಂಬ ಪದಕ್ಕೂ ಹೋಮರನ ಕಾವ್ಯದಲ್ಲಿ ಬರುವ ‘ಇದುಯ್ಯ’ ಎಂಬ ಸ್ತ್ರೀಲಿಂಗ ರೂಪಕ್ಕೂ ಮೂಲ ಒಂದೇ. ಸಂಸ್ಕೃತ ಮತ್ತು ಗ್ರೀಕ್ ಭಾಷೆಗಳು ಒಂದೇ ಮೂಲದಿಂದ ಬಂದಿರಬೇಕೆಂದು ಸರ್ ವಿಲಿಯಂ ಜೋನ್ಸರು 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದಾಗ, ಧಾತುಗಳಲ್ಲಿಯೂ ವ್ಯಾಕರಣ ರೂಪಗಳಲ್ಲಿಯೂ ಕಾಣುವ ಇಂತಹ ಸಾಮ್ಯವನ್ನೇ ಆಧಾರವಾಗಿಟ್ಟುಕೊಂಡಿದ್ದರು.

‘ಒಯ್ದ’ ಕ್ರಿಯಾಪದದ ವೈಶಿಷ್ಟ್ಯವು ಅದರ ಕಾಲದಲ್ಲಿದೆ. ರೂಪದಿಂದ ಅದು ಮುಗಿದ ಕ್ರಿಯೆಯನ್ನು ಹೇಳುವಂತಹುದು. ಅರ್ಥದಿಂದ ವರ್ತಮಾನಕ್ಕೆ ಸೇರಿದುದು. ಧಾತುವಿನ ಮೊದಲ ಅರ್ಥ ‘ಕಾಣು’ ಎಂದು. ‘ಕಂಡೆನು’ ಎನ್ನಲು ಗ್ರೀಕರು ಬಳಸುತ್ತಿದ್ದ ‘ಎಯ್ದೊನ್’ ಕೂಡ ಇದೇ ಧಾತುವಿನದು. ಕಂಡದ್ದು ಹಿಂದೆ, ಅದರ ಫಲವಾದ ಅರಿವು ಇಂದಿಗೂ ನಿಂತಿದೆ. ‘ಕಂಡಿದ್ದೇನೆ, ಆದುದರಿಂದ ಬಲ್ಲೆನು’ ಎಂಬ ಭಾವವು ಒಂದೇ ಪದದಲ್ಲಿ ಅಡಗಿದೆ. ಹೊಸದಾಗಿ ತಿಳಿದುಕೊಳ್ಳುವುದಕ್ಕೆ ಅವರಲ್ಲಿ ‘ಗಿಗ್ನೋಸ್ಕೊ’ ಎಂಬ ಬೇರೆ ಪದವಿತ್ತು. ಅದು ನಮ್ಮ ‘ಜ್ಞಾನ’ ಶಬ್ದದ ಬಂಧು.

ಕ್ರಿಸ್ತಪೂರ್ವ 399ರಲ್ಲಿ ಅಥೆನ್ಸಿನ ನ್ಯಾಯಸಭೆಯ ಮುಂದೆ ನಿಂತ ಸಾಕ್ರಟೀಸನ ವಾದವೂ ಈ ಪದವನ್ನೇ ಸುತ್ತಿಕೊಂಡಿತ್ತೆಂಬುದು ಪ್ಲೇಟೋವಿನ ಬರಹದಿಂದ ತಿಳಿದುಬರುತ್ತದೆ. ತಾನು ಅರಿಯದುದನ್ನು ಅರಿತಿರುವೆನೆಂದು ಭಾವಿಸದಿರುವುದೇ ತನ್ನಲ್ಲಿರುವ ಅಲ್ಪ ವಿವೇಕವೆಂದು ಆತನು ಹೇಳಿಕೊಂಡನು. ಮರಣದಂಡನೆ ವಿಧಿಸಿದರೂ ಆ ನಿಲುವನ್ನು ಬಿಡಲಿಲ್ಲ.

ಕಿವಿಯನ್ನು ಮಾತ್ರ ನಂಬಿದ್ದರೆ ‘ಒಯ್ದ’ವನ್ನು ಕನ್ನಡಕ್ಕೇ ಸೇರಿಸಿಬಿಡುತ್ತಿದ್ದೆವು, ರೂಪಗಳನ್ನು ಕಣ್ಣಾರೆ ಕಂಡಾಗ ನಿಜವಾದ ನಂಟು ತಿಳಿಯಿತು. ಕೇಳಿದ ಮಾತನ್ನೆಲ್ಲ ‘ಬಲ್ಲೆವು’ ಎಂದು ನೆರೆಮನೆಗೆ ದಾಟಿಸುವ ಮುನ್ನ, ಮಕ್ಕಳ ಪ್ರಶ್ನೆಗೆ ಉತ್ತರ ಹೇಳುವ ಮುನ್ನ, ಕಂಡಿದ್ದೇವೆಯೇ ಎಂದು ನಮ್ಮನ್ನು ನಾವು ಕೇಳಿಕೊಳ್ಳುವುದು ಲೇಸು.