ಗುಡಿಯೂ ಇರಲಿ, ವೈರೂ ಇರಲಿ

ಹುಬ್ಬಳ್ಳಿಯ ಹವ್ಯಾಸಿ ಛಾಯಾಗ್ರಾಹಕರಿಗೆ ಭಾನುವಾರದ ತಿರುಗಾಟಕ್ಕೆ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ ಹೇಳಿಮಾಡಿಸಿದ ಜಾಗ. 11-12ನೇ ಶತಮಾನದ, ಕಲ್ಯಾಣ ಚಾಲುಕ್ಯರ ಕಾಲದ ಗುಡಿ. ನಾಲ್ಕೂ ದಿಕ್ಕಿಗೆ ಬಾಗಿಲು. ಬೆಳಗಿನ ಓರೆ ಬಿಸಿಲಿಗೆ ಹೊರಗೋಡೆಯ ಕೆತ್ತನೆ ಎದ್ದು ಕಾಣುತ್ತದೆ. ಮೋಡದ ದಿನ ಅದೇ ಕಲ್ಲು ಸಪ್ಪೆ.

ಒಳಗೆ ಕತ್ತಲು, ಬಾಗಿಲಲ್ಲಿ ಬಿಸಿಲು. ಎಕ್ಸ್‌ಪೋಷರನ್ನು ಬಿಸಿಲಿಗೆ ಹೊಂದಿಸಿ, ‘ರಾ’ ಫೈಲಿನಲ್ಲಿ ತೆಗೆಯಿರಿ. ನೆರಳಲ್ಲಿ ಮುಳುಗಿದ ಕಂಬವನ್ನು ಆಮೇಲೆ ಕಂಪ್ಯೂಟರಿನಲ್ಲಿ ಬೆಳಗಿಸಬಹುದು. ಪೂರ್ತಿ ಬೆಳ್ಳಗಾದ ಜಾಗದಲ್ಲಿ ತಿದ್ದಲು ಏನೂ ಉಳಿದಿರುವುದಿಲ್ಲ. ಕ್ಯಾಮೆರಾ ಮೇಲಕ್ಕೆತ್ತಿದರೆ ಗೋಡೆ ಹಿಂದಕ್ಕೆ ವಾಲಿದಂತೆ ಬರುತ್ತದೆ. ಅದನ್ನು ನೆಟ್ಟಗೆ ಮಾಡುವಾಗ ಅಂಚು ಕತ್ತರಿಸಿಹೋಗುತ್ತದೆ. ಸುತ್ತ ಜಾಗ ಬಿಟ್ಟೇ ತೆಗೆಯಿರಿ.

ಇಲ್ಲಿಯವರೆಗೆ ತಕರಾರಿಲ್ಲ. ಆದರೆ ಗುಡಿ ನಿಂತಿರುವುದು ಜನವಸತಿಯ ನಡುವೆ. ಚೌಕಟ್ಟಿನೊಳಗೆ ವೈರು, ಒಣಹಾಕಿದ ಬಟ್ಟೆ, ತಗಡಿನ ಚಾವಣಿ ನುಸುಳುತ್ತವೆ. ಈಗಿನ ತಂತ್ರಾಂಶಕ್ಕೆ ಇವನ್ನು ಮಾಯ ಮಾಡಲು ಚಿಟಿಕೆ ಹೊಡೆಯುವಷ್ಟು ಹೊತ್ತು ಸಾಕು. ಮನೆಯ ಗೋಡೆಗೆ ತೂಗುಹಾಕುವ ಚಿತ್ರವಾದರೆ ಅಳಿಸಿ, ಬೇಡ ಎನ್ನುವವರು ಯಾರು? ಸಂರಕ್ಷಿತ ಸ್ಮಾರಕಕ್ಕೆ ಊರು ಎಷ್ಟು ಒತ್ತಿ ನಿಂತಿತ್ತು ಎಂದು ನಾಳೆ ಕೇಳುವವರಿಗೆ ಮಾತ್ರ ಅಳಿಸದ ಪ್ರತಿಯೇ ಬೇಕು. ಮೂಲ ಫೈಲನ್ನು ತಾರೀಖಿನ ಸಮೇತ ಬೇರೆ ಇಡಿ. ಅಳಿಸಿದ್ದರ ಕೆಳಗೆ ‘ತಿದ್ದಿದ ಚಿತ್ರ’ ಎಂದು ಬರೆಯಿರಿ.