ಮರಿ ಕದ್ದವರು ಯಾರು?

ಹಿರೇಗುಂಟನೂರು ಹೋಬಳಿಯಂಥ ಕಡೆ ಯಾವ ಹಳ್ಳಿಗೆ ಹೋದರೂ ಈ ಪತ್ತೇದಾರಿ ಕಥೆ ಕಿವಿಗೆ ಬೀಳುತ್ತದೆ. ಮೇವಿನ ಬಣವೆಯ ಸಂದಿಯಲ್ಲೋ ಮೆಕ್ಕೆಜೋಳದ ಚೀಲಗಳ ಹಿಂದೆಯೋ ಬೆಕ್ಕು ಮರಿ ಹಾಕಿರುತ್ತದೆ. ಬೆಳಿಗ್ಗೆ ನಾಲ್ಕಿದ್ದ ಮರಿ ಮಧ್ಯಾಹ್ನಕ್ಕೆ ಎರಡು, ಸಂಜೆಗೆ ಒಂದೇ. ನಾಯಿ ಹಿಡಿಯಿತೆ? ಗಂಡುಬೆಕ್ಕು ತಿಂದಿತೆ? ಪಕ್ಕದ ಬೀದಿಯ ಹುಡುಗರು ಒಯ್ದರೆ? ತಲೆಗೊಂದು ಅನುಮಾನ.

ಬಹಳ ಸಲ ಒಯ್ದದ್ದು ತಾಯಿಯೇ. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂದು ಹಿರಿಯರು ಹೇಳುತ್ತಾರೆ. ಮನೆ ಏಳೇ ಆಗಬೇಕೆಂದಿಲ್ಲ, ಮಾತಿನಲ್ಲಿ ಹುರುಳಿದೆ. ಜನರ ಓಡಾಟ ಹೆಚ್ಚಿದರೆ, ನಾಯಿ ಮೂಸಿ ಹೋದರೆ, ಜಾಗ ಒದ್ದೆಯಾದರೆ, ತಾಯಿ ಒಂದೊಂದೇ ಮರಿಯನ್ನು ಕುತ್ತಿಗೆಯಲ್ಲಿ ಕಚ್ಚಿಕೊಂಡು ಬೇರೆಡೆ ಸಾಗಿಸುತ್ತದೆ. ಅದು ಮರಳಿ ಬರುವಷ್ಟರಲ್ಲಿ, ಉಳಿದ ಮರಿಯ ಕೂಗು ಕೇಳಿ "ಅಯ್ಯೋ, ತಬ್ಬಲಿ" ಎಂದು ಎತ್ತಿಕೊಂಡು ಹೋದವರು ಅದನ್ನು ನಿಜಕ್ಕೂ ತಬ್ಬಲಿ ಮಾಡಿರುತ್ತಾರೆ.

ಆದ್ದರಿಂದ ಮರಿ ಕಂಡೊಡನೆ ಕೈಹಾಕಬೇಡಿ, ದೂರ ನಿಂತು ನೋಡಿ. ಹೊಟ್ಟೆ ತುಂಬಿದ ಮರಿ ಬೆಚ್ಚಗೆ, ಸದ್ದಿಲ್ಲದೆ ಮಲಗಿರುತ್ತದೆ. ಕಾಯಲು ಪುರುಸೊತ್ತಿಲ್ಲದಿದ್ದರೆ ಸುತ್ತ ತೆಳ್ಳಗೆ ಹಿಟ್ಟು ಉದುರಿಸಿ ಹೋಗಿ. ಕೆಲವು ಗಂಟೆ ಬಿಟ್ಟು ಬಂದಾಗ ಉಗುರಿನ ಗುರುತಿಲ್ಲದ ದುಂಡನೆಯ ಹೆಜ್ಜೆ ಮೂಡಿದ್ದರೆ ಬೆಕ್ಕು ಬಂದುಹೋಗಿದೆ. ನಾಯಿಯ ಹೆಜ್ಜೆಯಲ್ಲಿ ಸಾಮಾನ್ಯವಾಗಿ ಉಗುರೂ ಕಾಣುತ್ತದೆ. ಮರಿಯ ಹೊಟ್ಟೆಯೂ ತುಂಬಿದ್ದರೆ ಬಂದದ್ದು ತಾಯಿಯೇ.

ಮರಿಯ ಮೈ ತಣ್ಣಗಾಗಿದ್ದರೆ, ಗಾಯವಾಗಿದ್ದರೆ, ಇರುವೆ ಮುತ್ತಿದ್ದರೆ ಮಾತ್ರ ತಡಮಾಡುವಂತಿಲ್ಲ. ಮೊದಲು ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿಡಿ. ಮೈ ತಣ್ಣಗಿರುವಾಗ ಹಾಲು ಕುಡಿಸಿದರೆ ಅರಗುವುದಿಲ್ಲ. ಹಸುವಿನ ಹಾಲಿನಿಂದ ಭೇದಿಯಾಗುತ್ತದೆ. ಹುಟ್ಟಿದ 7ರಿಂದ 10 ದಿನಕ್ಕೆ ಕಣ್ಣು ಬಿಡುವ ಮರಿಗೆ ಅಲ್ಲಿಯವರೆಗೆ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ, ಬೆಕ್ಕಿನ ಮರಿಗೆಂದೇ ತಯಾರಿಸಿದ ಹಾಲು ಬೇಕು. ಉಚ್ಚೆ ಮಾಡಿಸಲು ಒದ್ದೆ ಹತ್ತಿಯಿಂದ ಒರೆಸಬೇಕು. ತಾಯಿ ನಾಲಿಗೆಯಿಂದ ಮಾಡುವ ಕೆಲಸ ಅದು. ತಾಯಿಯ ಜಾಗ ತುಂಬುವುದು ಸುಲಭವಲ್ಲ. ಹತ್ತಿರದ ಪಶು ಆಸ್ಪತ್ರೆಯನ್ನು ಕೇಳಿ, ಇಲ್ಲವೇ ಪಶುಪಾಲನಾ ಇಲಾಖೆಯ 1962 ಸಹಾಯವಾಣಿಗೆ ಕರೆ ಮಾಡಿ.

ಸಂತೆಮಾಳದಲ್ಲೋ ಕೆರೆ ಏರಿಯ ಮೇಲೋ ಬಾಯಿ ಕಟ್ಟಿದ ಚೀಲದೊಳಗೆ ಸಿಗುವ ಮರಿಗಳ ಕಥೆ ಬೇರೆ. ಅಲ್ಲಿ ಕೈ ಮನುಷ್ಯರದ್ದು. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಕಾರಣವಿಲ್ಲದೆ ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲದ ದಂಡ 10ರಿಂದ 50 ರೂಪಾಯಿ. ಇಷ್ಟಕ್ಕೆ ಹೆದರುವವರು ಯಾರು? ಚೀಲ ಕಟ್ಟುವವರೆಲ್ಲ ಕಟುಕರೂ ಅಲ್ಲ. ಇಲಿ ಕಾಟಕ್ಕೆ ಬೆಕ್ಕು ಬೇಕು, ಮರಿಗಳ ಹಿಂಡು ಸಾಕಲಾಗದು ಎಂಬ ಮನೆಗಳೇ ಹೆಚ್ಚು. ಹೆಣ್ಣುಬೆಕ್ಕು ಐದು ತಿಂಗಳಾಗುವ ಮೊದಲೇ ಗಬ್ಬವಾಗಬಲ್ಲದು. ಎರಡು ತಿಂಗಳಲ್ಲಿ ಮರಿ ಹಾಕುತ್ತದೆ, ವರ್ಷಕ್ಕೆ ಎರಡು ಮೂರು ಸಲ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದ ಬೆಕ್ಕೂ ಇಲಿ ಹಿಡಿಯುತ್ತದೆ ಎಂಬುದನ್ನು ಆ ಮನೆಗಳಿಗೆ ಯಾರಾದರೂ ತಿಳಿಸಬೇಕು.

ಪಶು ಆಸ್ಪತ್ರೆಯ ಶಿಬಿರ ಎಂದರೆ ದನ, ಎಮ್ಮೆ, ಕುರಿ ಎಂದೇ ನಾವು ರೂಢಿ ಮಾಡಿಕೊಂಡಿದ್ದೇವೆ. ವರ್ಷಕ್ಕೊಂದು ದಿನವಾದರೂ ಹೋಬಳಿ ಮಟ್ಟದಲ್ಲಿ ಬೆಕ್ಕುಗಳಿಗೂ ಸಂತಾನಹರಣ ಶಿಬಿರ ನಡೆಯಲಿ. ಮುಂದಿನ ಗ್ರಾಮಸಭೆಯಲ್ಲಿ ಈ ಬೇಡಿಕೆ ಇಡಲು ನಾವು ಸಂಕೋಚಪಡಬೇಕಾಗಿಲ್ಲ. ನಮ್ಮ ಕಾಳು ಕಾಯುವ ಪ್ರಾಣಿಗೆ ಇಷ್ಟಾದರೂ ಸಲ್ಲಬೇಕು.