ಮಾತ್ರೆ ಕೊಟ್ಟರು, ಸೂಜಿ ಕೊಡಲಿಲ್ಲ

"ಡ್ರಗ್ಸ್ ತಗೊಳ್ಳೋರನ್ನ ರಿಸರ್ಚ್‌ಗೆ ಸೇರಿಸ್ಕೊಂಡು ದುಡ್ಡು ಬೇರೆ ಕೊಡ್ತಾರಂತೆ! ಅದ್ರಲ್ಲಿ ಮತ್ತೆ ಡ್ರಗ್ಸೇ ತಾನೇ ತಗೊಳ್ಳೋದು?" ಓದಿಕೊಂಡವರ ಬಾಯಲ್ಲೇ ಈ ಮಾತು ಕೇಳಿದ್ದೇನೆ. ಆನ್‌ಲೈನ್ ಸರ್ವೇ ತುಂಬಿಸಿ ನಾವು ಗಿಟ್ಟಿಸಿದ ವೋಚರನ್ನ ಯಾವುದಕ್ಕೆ ಉಡಾಯಿಸಿದ್ವಿ ಅಂತ ಯಾರಾದ್ರೂ ಕೇಳ್ತಾರಾ? ಅವರು ಕೊಡೋದು ಸಮಯ, ರಕ್ತ. ಅದಕ್ಕೆ ಬೆಲೆ ಇದೆ.

ನನ್ನ ತಕರಾರು ಬೇರೆಯೇ. ಬ್ಯಾಂಕಾಕ್ ಕಥೆ ಕೇಳಿ. 2005ರಲ್ಲಿ ಅಲ್ಲಿನ 17 ಕ್ಲಿನಿಕ್‌ಗಳಲ್ಲಿ ಒಂದು ಅಧ್ಯಯನ ಶುರುವಾಯ್ತು. ಅಮೆರಿಕದ ಸಿಡಿಸಿ ಮತ್ತು ಥಾಯ್ ಸರ್ಕಾರ ಜೊತೆಗೂಡಿ ನಡೆಸಿದ್ದು. ಡ್ರಗ್ಸ್ ಚುಚ್ಚಿಕೊಳ್ಳುವ 2,413 ಜನ. ಅರ್ಧದಷ್ಟು ಮಂದಿಗೆ ದಿನಾ ಟೆನೊಫೊವಿರ್ ಮಾತ್ರೆ, ಉಳಿದವರಿಗೆ ಔಷಧವೇ ಇಲ್ಲದ ಹುಸಿ ಮಾತ್ರೆ. ಎಚ್‌ಐವಿ ತಡೆಯುತ್ತಾ ನೋಡೋಣ ಅಂತ. 2013ರಲ್ಲಿ ಫಲಿತಾಂಶ ಬಂತು: ಹುಸಿ ಮಾತ್ರೆಯವರಲ್ಲಿ 33 ಜನಕ್ಕೆ ಸೋಂಕು, ಅಸಲಿಯವರಲ್ಲಿ 17. ಹೆಚ್ಚುಕಮ್ಮಿ ಅರ್ಧ ಇಳಿಕೆ. ದೊಡ್ಡ ಸಾಧನೆಯೇ, ಇಲ್ಲ ಅನ್ನಲ್ಲ.

ಆದ್ರೆ ಅವರಿಗೆ ಕೊಟ್ಟಿದ್ದು ಕಾಂಡೋಮ್, ಸೂಜಿ ತೊಳೆಯೋಕೆ ಬ್ಲೀಚ್. ಹೊಸ ಸೂಜಿ ಮಾತ್ರ ಕೊಡಲಿಲ್ಲ! ಎಚ್‌ಐವಿ ಹರಡೋದೇ ಹಂಚಿಕೊಂಡ ಸೂಜಿಯಿಂದ ಅಂತ ಗೊತ್ತಿದ್ದೂ. ಥಾಯ್ ಸರ್ಕಾರದ ನೀತಿ ಬಿಡಲ್ಲ, ಅಮೆರಿಕದ ದುಡ್ಡಿಗೂ ಆಗ ಅದೇ ನಿರ್ಬಂಧ. ಔಷಧಿ ಅಂಗಡೀಲಿ ಅಗ್ಗಕ್ಕೆ ಸಿಗುತ್ತಲ್ಲ ಅನ್ನೋದು ಇನ್ನೊಂದು ಸಮಜಾಯಿಷಿ. ಸ್ವಾಮಿ, 2003ರಲ್ಲಿ ಅದೇ ದೇಶದಲ್ಲಿ 'ಡ್ರಗ್ಸ್ ವಿರುದ್ಧ ಯುದ್ಧ' ಅಂತ ಸಾರಿ, ಮೂರೇ ತಿಂಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಹೆಣವಾಗಿದ್ದರು. ಅಂಥ ಊರಲ್ಲಿ ಜೇಬಲ್ಲಿ ಸಿರಿಂಜ್ ಇಟ್ಕೊಂಡು ಓಡಾಡೋ ಧೈರ್ಯ ಯಾರಿಗಿರುತ್ತೆ?

ಇದನ್ನೆಲ್ಲ ಹೇಳಬಲ್ಲವರು ಅಲ್ಲೇ ಇದ್ದರು. ಡ್ರಗ್ಸ್ ಬಳಸುವವರೇ 2002ರಲ್ಲಿ ಕಟ್ಟಿಕೊಂಡ ಸಂಘ. ಯೋಜನೆ ರೂಪಿಸುವಾಗ ನಮ್ಮನ್ನು ಕೇಳಲೇ ಇಲ್ಲ ಅಂತ ಅವರು ಬೀದಿಗಿಳಿದು ಕೂಗಿದರು. ಅಧ್ಯಯನ ಮಾತ್ರ ಸೂಜಿ ಇಲ್ಲದೆಯೇ ಮುಂದುವರಿಯಿತು.

ನಮ್ಮ ದೇಶದಲ್ಲಿ ಪರವಾಗಿಲ್ಲ, ಸರ್ಕಾರದ ಏಡ್ಸ್ ಕಾರ್ಯಕ್ರಮವೇ ಸೂಜಿ ಹಂಚುತ್ತೆ. 2019ರ ಏಮ್ಸ್ ವರದಿ ಪ್ರಕಾರ ಚುಚ್ಚಿಕೊಳ್ಳುವವರು ಸುಮಾರು 8.5 ಲಕ್ಷ. ಸಂಶೋಧನೆಗೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿಯಲ್ಲಿ ಒಬ್ಬ ಸಾಮಾನ್ಯ ನಾಗರಿಕ ಇರಬೇಕು ಅನ್ನೋ ನಿಯಮವೂ ಇದೆ. ಚುಚ್ಚಿಕೊಳ್ಳುವವರ ಬಗ್ಗೆಯೇ ಅಧ್ಯಯನ ನಡೆಯುವಾಗ ಆ ಕುರ್ಚಿಯಲ್ಲಿ ಅವರಲ್ಲೊಬ್ಬ ಯಾಕೆ ಕೂರಬಾರದು? ಓಡಾಟದ ಖರ್ಚು ಕೊಟ್ಟು ಕರೀರಿ. ಆ ದುಡ್ಡಲ್ಲಿ ಏನು ಮಾಡ್ತಾನೆ ಅಂತ ಮಾತ್ರ ಕೇಳಬೇಡಿ.